ಮಗಳ ಕೈಯ ನೀರು

"ಬಿಡು ಅಂಬಿಕಾ! ಆ ನೀರು ಬಾಯಿಗೆ ಹಾಕಬ್ಯಾಡ!"

ಅಮರೇಶ್ವರಿ ಕೂಗಿದ್ದು ಓಣಿಯ ಆ ತುದಿಗೂ ಕೇಳಿಸಿರಬೇಕು. ಕೂಗಿದ್ದಷ್ಟೇ ಅಲ್ಲ, ನಾದಿನಿಯ ಕೈಯಲ್ಲಿದ್ದ ಹಿತ್ತಾಳೆಯ ಲೋಟವನ್ನು ಕಸಿದೇ ಬಿಟ್ಟಳು. ನೀರು ಹಾಸಿಗೆಯ ಮೇಲೂ, ಮಲಗಿದ್ದ ಅತ್ತೆ ಯಮನಮ್ಮನ ಎದೆಯ ಮೇಲೂ ಚೆಲ್ಲಿತು. ಲಿಂಗಸುಗೂರಿನ ಬಸ್ಸಿಳಿದು, ಕಾಲು ತೊಳೆದವಳೇ ತಾಯಿಯ ಬಾಯಿಗೆ ನೀರು ಹಿಡಿದಿದ್ದ ಅಂಬಿಕಾ ಬೆಪ್ಪಾಗಿ ನಿಂತಳು. ಕಾಯಿಲೆಯವರನ್ನು ನೋಡಲು ಬಂದವರು ತಮ್ಮ ಕೈಯಿಂದ ಒಂದು ಗುಟುಕು ನೀರು ಕುಡಿಸುವುದು ಆ ಮನೆತನದ ರೂಢಿ. ಅದರಲ್ಲೂ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕೈಯ ನೀರೆಂದರೆ ಕೇಳಬೇಕೆ! ಅದನ್ನೇ ಸೊಸೆಯಾದವಳು ಕಸಿದುಕೊಂಡಳಲ್ಲ...!

"ಏನ್ ವೈನಿ ಇದು? ನಮ್ಮವ್ವಗ ನೀರಿಗೂ ಗತಿ ಇಲ್ಲೇನು ಈ ಮನ್ಯಾಗ?" ಅಂಬಿಕಾ ತಾಯಿಯ ಒದ್ದೆ ಎದೆಯನ್ನು ಸೆರಗಿನಿಂದ ಒರೆಸಿದಳು.

"ನೀರು ನೆತ್ತಿಗೆ ಹತ್ತತೈತಿ. ಡಾಕ್ಟರು ಬ್ಯಾಡಂದಾರ. ಎಷ್ಟು ಸಲ ಹೇಳಬೇಕು ನಿನಗ?"

ಅಷ್ಟೇ ಹೇಳಿದಳು ಅಮರೇಶ್ವರಿ. ಸಿಟ್ಟಿನಲ್ಲಿ ಉಳಿದ ಅರ್ಧವನ್ನು ಹೇಳದೆ ಒಳಗೆ ಹೋಗಿಬಿಟ್ಟಳು. ಅಯ್ಯೋ, ಆ ಅರ್ಧ ಮಾತನ್ನು ಅಂದೇ ಹೇಳಿಬಿಟ್ಟಿದ್ದರೆ!

ಯಮನಮ್ಮ ಸಾಮಾನ್ಯದ ಹೆಂಗಸಲ್ಲ. ಮಸ್ಕಿ ಸಂತೆಯಲ್ಲಿ ಮೂವತ್ತು ವರ್ಷ ಕಾಯಿಪಲ್ಲೆ ಮಾರಿದವಳು. ಅವಳು "ಬದ್ನೀಕಾಯೀ..." ಎಂದು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಸೊಸೆಯನ್ನು ಬೈಯುವಾಗಲೂ ಅದೇ ಗಂಟಲು. ಮದುವೆಯಾದ ಹೊಸದರಲ್ಲಿ ಅಮರೇಶ್ವರಿ ಆ ದನಿಗೆ ಹೆದರಿ ಹಿತ್ತಲಲ್ಲಿ ಕೂತು ಅತ್ತದ್ದುಂಟು. ಅಂಥ ಗಂಟಲು ಯುಗಾದಿಯಾದ ವಾರಕ್ಕೆ ಪಾರ್ಶ್ವವಾಯು ಬಡಿದು ಕಟ್ಟಿಹೋಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಯಮನಮ್ಮನನ್ನು ಎಕ್ಸ್‌ರೇ ಮುಂದೆ ಕೂರಿಸಿ, ಬಿಳಿ ಔಷಧಿ ಕಲಸಿದ ನೀರು ಕುಡಿಸಿದಾಗ ಅಮರೇಶ್ವರಿ ಪರದೆಯ ಮೇಲೆ ಕಣ್ಣಾರೆ ನೋಡಿದ್ದಳು. ನೀರು ಅನ್ನದ ದಾರಿ ಬಿಟ್ಟು ಉಸಿರಿನ ದಾರಿ ಹಿಡಿದು ಎದೆಯೊಳಗೆ ಇಳಿಯಿತು. ಯಮನಮ್ಮ ಕೆಮ್ಮಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ!

"ನೋಡ್ರೀ ಅಕ್ಕಾರ, ಇವರ ಗಂಟಲಿಗೆ ಸ್ಪರ್ಶನೇ ಇಲ್ಲ," ಎಂದಿದ್ದಳು ದೀಪಿಕಾ. ಮಾತು ಮತ್ತು ನುಂಗುವ ತೊಂದರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಅವಳು. "ಕೆಮ್ಮು ಬರಂಗಿಲ್ಲಂತ ಮೋಸ ಹೋಗಬ್ಯಾಡ್ರಿ. ನೀರು ಸುಮ್ಮನ ಒಳಗ ಹೋಗತೈತಿ. ಒಂದು ಲೋಟ ನೀರು ಸಾಕು, ಪುಪ್ಪುಸ ಕೊಳಿಯಾಕ."

ನೀರು ದಾರಿ ತಪ್ಪದೆ ಮೆಲ್ಲಗೆ ಇಳಿಯುವಂತೆ ಅದನ್ನು ಗಟ್ಟಿ ಮಾಡುವ ಪುಡಿ ಪೇಟೆಯಲ್ಲಿ ಸಿಗುತ್ತದೆ. ಆದರೆ ಹಳ್ಳಿಯ ಮನೆಗಳಿಗೆ ಅದು ಎಲ್ಲಿ ಮುಟ್ಟಬೇಕು? ನಮ್ಮ ಜೋಳದ ಅಂಬಲಿಯನ್ನೇ ಹದವಾಗಿ ಕಾಸಿ ಕೊಟ್ಟರೆ ಆಗುವುದೋ ಇಲ್ಲವೋ ಎಂಬುದೇ ದೀಪಿಕಾಳ ಸಂಶೋಧನೆ. ಸಿಂಧನೂರು, ಮಸ್ಕಿ ಸುತ್ತಿನ ಇಪ್ಪತ್ತು ಮನೆ ಆರಿಸಿಕೊಂಡಿದ್ದಳು. ಅದರಲ್ಲಿ ಯಮನಮ್ಮ ಹದಿನೇಳನೇ ನಂಬರು. ಚಮಚ ಓರೆ ಮಾಡಿದರೆ ಅಂಬಲಿ ಸುರಿಯಬಾರದು, ಮೆಲ್ಲಗೆ ಜಾರಬೇಕು. ಗದ್ದ ಎದೆಗೆ ತಾಗುವಂತೆ ಕೂರಿಸಿ ಕೊಡಬೇಕು. ಮೂರು ಚಮಚಕ್ಕೊಮ್ಮೆ ಒಂದು ಮಾತು ಆಡಿಸಬೇಕು. ದನಿ ಒಣಗಿದ್ದರೆ ಸರಿ, ನೀರು ತುಂಬಿದ ಕೊಡದೊಳಗಿಂದ ಬಂದಂತೆ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲವನ್ನೂ ದೀಪಿಕಾ ಕೊಟ್ಟ ಪುಸ್ತಕದಲ್ಲಿ ಬರೆಯಬೇಕು.

"ಯಾವ ಮಾತು ಆಡಿಸ್ಲಿ?" ಎಂದು ಕೇಳಿದ್ದಳು ಅಮರೇಶ್ವರಿ.

"ಅವರ ಬಾಯಾಗ ಯಾವುದು ಬರತೈತೋ ಅದು."

ಯಮನಮ್ಮನ ಬಾಯಲ್ಲಿ ಉಳಿದದ್ದು ಒಂದೇ ಮಾತು. "ಅಂಬೀ..." ಲಿಂಗಸುಗೂರಿನ ಮಗಳ ಹೆಸರು! ನೀರು ಕಾಸಿ, ಹಿಟ್ಟು ಕಲಸಿ, ಒಂದೊಂದು ಹೊತ್ತಿಗೆ ಮುಕ್ಕಾಲು ತಾಸು ಕೂತು ಉಣಿಸುವವಳು ಸೊಸೆ, ಕರೆಯುವುದು ಮಗಳನ್ನು. ಅಮರೇಶ್ವರಿಗೆ ಮೊದಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು? ಬರಬರುತ್ತಾ ಆ ಹೆಸರು ಒಣಗಿದ ದನಿಯಲ್ಲಿ ಬಂದರೆ ಸಾಕು, ಅವಳ ಜೀವ ತಣ್ಣಗಾಗುತ್ತಿತ್ತು. ನಾಲ್ಕು ತಿಂಗಳು ಕಳೆದವು. ಯಮನಮ್ಮನಿಗೆ ಒಮ್ಮೆಯೂ ಜ್ವರ ಬರಲಿಲ್ಲ, ಕೆನ್ನೆ ಕೂಡ ತುಂಬಿಕೊಂಡಿತು.

ಆದರೆ ಓಣಿಯವರಿಗೆ ಪುಸ್ತಕ ಗೊತ್ತೇ, ಪರದೆ ಗೊತ್ತೇ? ಅವರಿಗೆ ಕಂಡದ್ದು ನೀರು ಕೊಡದ ಸೊಸೆ. ಗಂಡ ಹುಲಿಗೇಶನ ಕಿವಿಗೂ ಅದು ಬಿತ್ತು. ಬಸ್ ಕಂಡಕ್ಟರಾದ ಅವನು ಹೊತ್ತು ಹುಟ್ಟುವ ಮುಂಚೆ ಡ್ಯೂಟಿಗೆ ಹೋಗುವವನು. "ಒಂದೀಟು ಕೊಟ್ರ ಏನಾಗತೈತಿ ಬಿಡು," ಎಂದು ಅವನೂ ಗೊಣಗಿದ್ದುಂಟು.

ಲೋಟ ಕಸಿದುಕೊಂಡ ಮೂರನೇ ವಾರಕ್ಕೆ ಅಂಬಿಕಾ ಮತ್ತೆ ಬಂದಳು. ಜೋಳದ ಹಿಟ್ಟು ತೀರಿತ್ತು. ನಾದಿನಿ ಇದ್ದಾಳಲ್ಲ ಎಂಬ ಧೈರ್ಯದಲ್ಲಿ ಅಮರೇಶ್ವರಿ ಗಿರಣಿಗೆ ಹೋದಳು. ಕರೆಂಟು ಹೋಗಿ ಅಲ್ಲಿ ಒಂದು ತಾಸು ಕೂರಬೇಕಾಯಿತು. ಹಿಟ್ಟಿನ ಡಬ್ಬಿ ಹೊತ್ತು ಹೊಸ್ತಿಲು ದಾಟುವಾಗ ಅಂಬಿಕಾ ನಗುತ್ತಾ ಎದುರು ಬಂದಳು.

"ನೋಡ್ರಿ ವೈನಿ! ಅವ್ವ ನನ್ನ ಕೈಲೆ ಒಂದು ಲೋಟ ನೀರು ಪೂರ್ತಿ ಕುಡಿದಾಳ. ನೆತ್ತಿಗೆ ಹತ್ತಲಿಲ್ಲ, ಒಂದು ಸಲನೂ ಕೆಮ್ಮಲಿಲ್ಲ. ನೀವು ಸುಮ್ಮಸುಮ್ಮನ ಹೆದರಿಸ್ತಿದ್ರಿ!"

ಡಬ್ಬಿ ಕೈಯಿಂದ ಜಾರಿ ಹಿಟ್ಟು ಹೊಸ್ತಿಲ ತುಂಬ ಚೆಲ್ಲಿತು. ಅಮರೇಶ್ವರಿ ಓಡಿಹೋಗಿ ಅತ್ತೆಯ ಪಕ್ಕ ಕೂತಳು. ಯಮನಮ್ಮನ ಮುಖದಲ್ಲಿ ನಾಲ್ಕು ತಿಂಗಳಿಂದ ಕಾಣದ ತೃಪ್ತಿ ಇತ್ತು...

"ಅತ್ತೀ, ಅಂಬೀ ಅನ್ರಿ... ಒಂದ್ಸಲ ಅನ್ರಿ ನಮ್ಮವ್ವ..."

"ಅಂಬೀ..." ಎಂದಳು ಯಮನಮ್ಮ. ದನಿ ಗೊರಗೊರ ಎಂದಿತು.

ಕೂಡಲೇ ದೀಪಿಕಾಳಿಗೆ ಫೋನು, ಗಾಡಿ, ಸಿಂಧನೂರಿನ ಆಸ್ಪತ್ರೆ. ಮರುದಿನ ಜ್ವರ ಕೆಂಡವಾಯಿತು. ಎರಡೂ ಪುಪ್ಪುಸಗಳಲ್ಲಿ ಕೀವು ತುಂಬಿತೆಂದರು, ಯಾತರಿಂದ ಎಂದು ಅಣ್ಣ-ತಂಗಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಐದನೇ ದಿನ ಮಧ್ಯಾಹ್ನ ಯಮನಮ್ಮನ ಉಸಿರು ನಿಂತಿತು.

ತೀರಿಕೊಂಡ ಮೂರನೇ ದಿನ ಹಾಲು ತುಪ್ಪ ಎರೆದು ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ದೀಪಿಕಾಳೂ ಬಂದು ಬಾಗಿಲ ಬಳಿ ನಿಂತಿದ್ದಳು. ಅಂಬಿಕಾ ಒಮ್ಮೆಲೇ ಬಾಯಿ ಬಡಿದುಕೊಂಡು ಎದ್ದಳು.

"ಈಕಿನ ಕೊಂದಾಳ ನಮ್ಮವ್ವನ್ನ! ನಾಕು ತಿಂಗಳು ಹನಿ ನೀರು ಕೊಡಲಾರದ ಒಣಗಿಸಿ ಕೊಂದಾಳ! ಅಣ್ಣಾ, ನೀ ಕಣ್ಣು ಮುಚಗೊಂಡು ಕುಂತಿದ್ದೇನೋ?"

ಹುಲಿಗೇಶ ಹೆಂಡತಿಯ ಕಡೆ ನೋಡಿದ. "ಯಾಕ ಹಿಂಗಾತು? ನೀನ ಹತ್ರ ಇದ್ದಾಕಿ. ಹೇಳು."

ದೀಪಿಕಾ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದಳು. "ಹಂಗಲ್ರೀ, ಆ ದಿನ ನೀರು..."

ಅಮರೇಶ್ವರಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಒಂದೇ ಒಂದು ಮಾತು ಸಾಕಿತ್ತು! ಓಣಿಯ ಬಾಯಿ ಮುಚ್ಚುತ್ತಿತ್ತು, ಗಂಡನ ಕಣ್ಣಿನ ಸಂಶಯ ಹೋಗುತ್ತಿತ್ತು. ಅಷ್ಟರಲ್ಲಿ ಅಂಬಿಕಾ ನೆಲಕ್ಕೆ ಕುಸಿದು, ಆ ಹಿತ್ತಾಳೆಯ ಲೋಟವನ್ನು ಎದೆಗವಚಿಕೊಂಡಳು. "ಹೋಗೂ ಮುಂದ ನನ್ನ ಕೈಲೆ ಒಂದು ಲೋಟ ನೀರು ಕುಡಿದಳಲ್ಲ ನಮ್ಮವ್ವ... ಅದೊಂದ ನನಗ ಸಮಾಧಾನ... ಅದೊಂದ..."

ಅಮರೇಶ್ವರಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಹೌದು ಅಂಬಿಕಾ," ಎಂದಳು. "ನಿನ್ನ ಕೈಯ ನೀರು ಕುಡಿದು ಅವರ ಜೀವ ತಣ್ಣಗಾತು. ನಂದ ತಪ್ಪು, ನಾ ಕೊಡಲಿಲ್ಲ. ನಾ ಉಣಿಸೂವಾಗ ಮೂರು ಚಮಚಕ್ಕೊಮ್ಮೆ ನಿನ್ನ ಹೆಸರು ಕರೀತಿದ್ದರು."

ಹುಲಿಗೇಶ ಎದ್ದು ಹೊರಗೆ ಹೋದ. ಹೆಂಡತಿಯನ್ನು ತಿರುಗಿಯೂ ನೋಡಲಿಲ್ಲ.

ಹಿತ್ತಲಲ್ಲಿ ದೀಪಿಕಾ ಅಳುತ್ತಿದ್ದಳು. "ಯಾಕ್ರೀ ಅಕ್ಕಾರ? ನಿಮ್ಮ ಹೆಸರು ಕೆಟ್ಟು ಹೋತಲ್ರೀ!"

"ಕೆಡ್ಲಿ ಬಿಡವ್ವ. ನನ್ನ ಹೆಸರು ಕೆಟ್ರೂ ನಾ ಬದುಕ್ತೀನಿ. ನಿಜ ಗೊತ್ತಾದ್ರ ಆಕಿ ಇನ್ನು ಜನ್ಮದಾಗ ಒಂದು ಗುಟುಕು ನೀರು ನುಂಗಂಗಿಲ್ಲ." ಅಮರೇಶ್ವರಿ ಸೆರಗಿನಿಂದ ಪುಸ್ತಕ ತೆಗೆದಳು. "ಇದರಾಗ ಮನಿ ಹೆಸರು ಬರತೈತೇನು?"

"ಇಲ್ರೀ. ಬರೇ ನಂಬರು."

"ಹಂಗಾರ ಇದರಾಗ ನಿಜಾನ ಬರದೀನಿ. ಇನ್ನೊಂದು ಬರಕೋ. ಮನ್ಯಾಗ ಇರಾಕಿಗಷ್ಟ ಕಲಿಸಿದ್ರ ಸಾಲಂಗಿಲ್ಲ, ನೋಡಾಕ ಬರೋ ಹೆಣ್ಮಕ್ಕಳಿಗೂ ಕಲಿಸ್ರಿ. ಕೆಮ್ಮದಿದ್ರೂ ನೀರು ಒಳಗ ಹೋಗತೈತಿ ಅಂತ ನಾ ಆಕಿಗೆ ಹೇಳಲೇ ಇಲ್ಲ. ಸಿಟ್ಟಿನ್ಯಾಗ ಅರ್ಧ ಹೇಳಿದೆ..."

ಅಷ್ಟು ಹೊತ್ತು ಕಲ್ಲಾಗಿದ್ದವಳಿಗೆ ಆಗ ದುಃಖ ಉಮ್ಮಳಿಸಿ ಬಂತು.

ಸಂಜೆಯ ಬಸ್ಸಿಗೆ ಅಂಬಿಕಾ ಲಿಂಗಸುಗೂರಿಗೆ ಹೊರಟಳು. ಅತ್ತಿಗೆಗೆ ಹೋಗಿ ಬರುತ್ತೇನೆ ಎನ್ನಲಿಲ್ಲ. ಹಿತ್ತಾಳೆಯ ಲೋಟವನ್ನು ಮಾತ್ರ, ತಾಯಿಯ ಗುರುತೆಂದು, ಸೀರೆಯ ಮಡಿಕೆಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡಳು. ಅಮರೇಶ್ವರಿ ಬಾಗಿಲಲ್ಲಿ ನಿಂತು ನೋಡಿದಳು, ಬೇಡ ಎನ್ನಲಿಲ್ಲ. ಆಮೇಲೆ ಒಳಗೆ ಹೋಗಿ, ಉಳಿದಿದ್ದ ಜೋಳದ ಹಿಟ್ಟಿನಲ್ಲಿ ಗಂಡನಿಗೆ ರೊಟ್ಟಿ ಬಡಿಯಲು ಕೂತಳು.