ಮುಟ್ಟಬಾರದ ಸರ್ವರ್

ಮಚ್ಚು ನನ್ನ ಮೂಗಿನಿಂದ ಒಂದೇ ಗೇಣು ದೂರ!

ಅರಿಶಿನ ಕುಂಕುಮ ಹಚ್ಚಿದ ಮಚ್ಚು. ಹಿಡಿಗೆ ಚೆಂಡುಹೂವು ಬೇರೆ.

"ಸರ್ವರ್ ಮುಟ್ಟುದ್ರೆ ಕೈ ಇರಾಕಿಲ್ಲ ಕಣವ್ವ," ಅಂದ್ರು ಭದ್ರಮ್ಮ.

"ನೀವೇ ಅಲ್ವಾ ರಿಪೇರಿಗೆ ಕರೆದಿದ್ದು?"

"ರಿಪೇರಿ ಮಾಡು. ಮುಟ್ಬ್ಯಾಡ!"

ಕೇಳಿ ಸ್ವಾಮಿ... ನಾನು ವಾಣಿಶ್ರೀ. ಹುಣಸೂರು ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಅಂಗಡಿ. ಕೆಟ್ಟಿದ್ದನ್ನ ಸರಿ ಮಾಡೋದು, ಕೆಡಿಸಿದೋನನ್ನ ಹಿಡಿಯೋದು ನನ್ನ ಕಸುಬು. ಇಂಥಾ ಗಿರಾಕಿನ ಮಾತ್ರ ಜನ್ಮದಲ್ಲಿ ಕಂಡಿಲ್ಲ!

ಪಿರಿಯಾಪಟ್ಟಣದ ಆಚೆ ಭದ್ರಮ್ಮನ ಹೊಗೆಸೊಪ್ಪಿನ ಬ್ಯಾರನ್. ಎಲೆ ಒಣಗಿಸೋ ಆ ಮನೆಯ ಕಾವು ನೋಡ್ಕೊಳ್ಳೋಕೆ ನಿನ್ನೆ ಹೊಸ ಸರ್ವರ್ ಬಂದಿತ್ತು. ಇವತ್ತು ಆಯುಧಪೂಜೆ. ಬೆಳಗಿಂದ ಕಾವು ತಾನಾಗೇ ಏರ್ತಿದೆ. ಜೊತೆಗೆ ಭದ್ರಮ್ಮನ ಫೋನಿಗೆ ಹೆಸರಿಲ್ಲದ ಮೆಸೇಜು... "ಎಲೆ ನಾ ಹೇಳ್ದೋರಿಗೇ ಕೊಡು. ಇಲ್ಲಾಂದ್ರೆ ಬೂದಿ!"

ನೂರ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ನೂರ ಎಂಬತ್ತಾದ್ರೆ ಎಲ್ಲಾ ಸುಟ್ಟೋಗುತ್ತೆ.

"ಮೇನ್ ಸ್ವಿಚ್ ಆಫ್ ಮಾಡ್ಲಾ?"

"ಅದ್ಕೂ ಕುಂಕುಮ ಇಟ್ಟಿವ್ನಿ!"

"ಪೂಜೆಗಿಟ್ಟ ಮಿಷನ್ನು ಮುಟ್ಟುದ್ರೆ ಮನೆಗೇ ಕೇಡು ಕಣಕ್ಕ," ಅಂದ ಬಾಗಿಲಲ್ಲಿ ಕಡಲೆಪುರಿ ಮೇಯ್ತಿದ್ದ ಮಹೇಂದ್ರ. ಸರ್ವರ್ ತಂದು ಕೂರಿಸಿದೋನು ಇವನೇ, ಕೆ.ಆರ್. ನಗರದೋನು. "ನಾಳೆ ನೋಡನ ಬುಡಿ."

ನೂರ ಎಪ್ಪತ್ತಾರು!

ಭದ್ರಮ್ಮನ ಕಣ್ಣು ತುಂಬಿ ಬಂತು. ಗಂಡ ಹೋದಮೇಲೆ ಒಬ್ಬರೇ ನಿಂತು ಬೆಳೆದ ಎಲೆ ಅದು.

"ಸರಿ ಕಣಕ್ಕ. ಮುಟ್ಟಲ್ಲ," ಅಂದೆ. ಕೈ ಕಟ್ಕೊಂಡು ದೂರ ಕೂತೆ. ಮೊಬೈಲ್ ತೆಗೆದೆ.

ಹೊಸ ಸರ್ವರ್ ಅಂದ್ರೆ ಹೊಸ ಮನೆ ಇದ್ದಂಗೆ... ಬಾಗಿಲು ಇರುತ್ತೆ, ಬೀಗ ಇರಲ್ಲ! ದೂರದಿಂದಲೇ ಯಜಮಾನನಾಗಿ ಒಳಗೆ ಬರೋ ದಾರಿ ತೆರೆದೇ ಇರುತ್ತೆ. ಕೂರಿಸಿದೋನು ಮೊದಲ ದಿನವೇ ಅದನ್ನ ಮುಚ್ಚಬೇಕು, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಬೇಕು.

ಕಂಪನಿಯ ಪಾಸ್‌ವರ್ಡೇ ಹಾಕಿದೆ.

ಒಳಗೆ ಬಿಟ್ಕೊಂಡ್ತು!

ಕಾವು ಇಳಿಸಿದೆ. ನೂರ ಎಪ್ಪತ್ತು... ನೂರ ಅರವತ್ತೈದು... ಭದ್ರಮ್ಮ ಮಚ್ಚು ಇಳಿಸಿದ್ರು.

ನಾನು ಮೊಬೈಲ್ ಇಳಿಸಲಿಲ್ಲ. ಸರ್ವರ್ ಒಳಗೆ ನನ್ನಂಗೇ ಇನ್ನೊಬ್ಬ ಇದ್ದ! ಇದೇ ಮನೆಯ ವೈಫೈಯಿಂದ ಬಂದಿದ್ದ. ಅವನ ಫೋನಿನ ಹೆಸರೂ ಅಲ್ಲೇ ಕಾಣ್ತಿತ್ತು.

"ಮಹೇಂದ್ರ," ಅಂದೆ, "ಕಳ್ಳತನಕ್ಕೆ ಬರೋವಾಗ ಫೋನಿಗೆ ಸ್ವಂತ ಹೆಸರು ಇಟ್ಕೊಂಡು ಬತ್ತಾರೇನೋ?"

ಕಡಲೆಪುರಿ ಚೆಲ್ಲಿತು. ಮಹೇಂದ್ರ ಓಡಿದ!

ನಾನೂ ಹಿಂದೆ ಬಿದ್ದೆ. ಬೈಕ್ ಹತ್ತಿ ಜೇಬು ತಡಕಿದ... ಬೀಗದಕೈ ಪೂಜೆ ತಟ್ಟೇಲಿತ್ತು! ಇಳಿದು ಗೇಟಿನ ಕಡೆ ಹಾರಿದ. ಅಲ್ಲಿ ದೃಷ್ಟಿಗೆ ಒಡೆದ ಬೂದುಗುಂಬಳಕಾಯಿ ಬಿದ್ದಿತ್ತು.

ದಬಕ್!

ಅವನ ಬೆನ್ನ ಮೇಲೆ ಮೊಣಕಾಲು ಊರಿ ಕೂತೇ ನಾನು ಸರ್ವರಿನ ಪಾಸ್‌ವರ್ಡ್ ಬದಲಾಯಿಸಿದೆ, ದೂರದ ಬಾಗಿಲು ಮುಚ್ಚಿದೆ.

ಭದ್ರಮ್ಮ ಮಚ್ಚು ಹಿಡಿದೇ ಬಂದ್ರು. ಮಹೇಂದ್ರ ಗೊಳೋ ಅಂದ.

"ಹೆದರ್ಬ್ಯಾಡ ಕಣ್ಲಾ," ಅಂದ್ರು ಭದ್ರಮ್ಮ. "ಇವತ್ತು ಇದ್ಕೆ ರಜ." ಒಳಗೆ ಹೋಗಿ ಮಚ್ಚನ್ನ ಭಕ್ತಿಯಿಂದ ದೇವರ ಮುಂದೆ ಇಟ್ಟು ಕೈಮುಗಿದ್ರು.

ಆಮೇಲೆ ಪೊರಕೆ ಎತ್ಕೊಂಡು ಬಂದ್ರು.

ಅದಕ್ಕೆ ಮಾತ್ರ ಯಾರೂ ಕುಂಕುಮ ಇಟ್ಟಿರಲಿಲ್ಲ!