ಗಂಟಿನ ಮನೆಯ ಹುಡುಗಿ

ಈ ಕಥೆಯನ್ನು ಮೊದಲು ಹೇಳಿದವರು ಕಂಪ್ಲಿಯ ನೀಲಗಂಗಮ್ಮ. ಹೋದ ವರ್ಷದ ಕಾರ್ತಿಕದಲ್ಲಿ, ಹಂಪಿ ದಾರಿಯ ಬಾಳೆತೋಟದಲ್ಲಿ ಕಳೆ ತೆಗೆದು ದಣಿದ ಹೆಂಗಸರು ಬದುವಿನ ಮೇಲೆ ಕಾಲು ಚಾಚಿದ್ದಾಗ. ಕಥೆಯ ಸುಮಂಗಲಾ ಆಕೆಯ ತಂಗಿಯ ಮಗಳು. ಬೇರೆಯವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಅಲ್ಲಿ ಹುಡುಗ ಹೆಚ್ಚು ಧೀರ, ಹುಡುಗಿ ಹೆಚ್ಚು ಅಳುತ್ತಾಳೆ. ನೀಲಗಂಗಮ್ಮನವರ ಪಾಠವೇ ನಿಜಕ್ಕೆ ಹತ್ತಿರವೆನಿಸಿ ಅದನ್ನೇ ಇಲ್ಲಿ ಇಟ್ಟಿದ್ದೇನೆ.

ಮಲಪನಗುಡಿಯ ಸುಮಂಗಲಾ ಯಶವಂತನಗರದ ಗಣಿ ದವಾಖಾನೆಯಲ್ಲಿ ನರ್ಸ್. ಹೊಸಪೇಟೆಯಿಂದ ಅವಳು ಹೋಗುತ್ತಿದ್ದ ಕಂಪನಿ ಬಸ್ಸಿನ ಡ್ರೈವರ್ ಸಂಡೂರಿನ ತಿಪ್ಪೇಶ್. ಅವಳು ಹತ್ತಿದೊಡನೆ ಅವನ ತಲೆಯ ಮೇಲಿನ ಕನ್ನಡಿ ಒಂದಿಷ್ಟು ವಾಲುತ್ತಿತ್ತು. ಅದರಲ್ಲಿ ಮೊದಲು ಅವಳ ಮೂಗುಬೊಟ್ಟು, ಆಮೇಲೆ ನಿದ್ದೆಗೆಟ್ಟು ಅರ್ಧ ಮುಚ್ಚಿದ ಕಣ್ಣು.

“ಕನ್ನಡಿ ಇರೋದು ರೋಡ್ ನೋಡಾಕ,” ಎಂದಳು ಒಂದು ದಿನ, ಕಣ್ಣು ತೆರೆಯದೆಯೇ.

“ರೋಡ್ ದಿನಾ ನೋಡ್ತೀನ್ರಿ ಮೇಡಂ. ಭಾಳ ಬ್ಯಾಸರ ಆಗೇತಿ.”

ಅವಳು ನಗಲಿಲ್ಲ. ಆದರೆ ಕಿಟಕಿಯತ್ತ ತಿರುಗಿದ ಕೆನ್ನೆ ನಗುವನ್ನು ತಡೆಹಿಡಿದದ್ದು ಅವನಿಗೆ ಕಂಡಿತು.

ಹಂಪಿಯ ಹಾಳುಗೋಡೆಗಳ ನಡುವೆ ಬದುಕುವ ಆ ಸೀಮೆಯಲ್ಲಿ ‘ಗಂಟು’ ಎಂದರೆ ಹೂತಿಟ್ಟ ನಿಧಿ. ಮಗನ ಮನಸ್ಸು ತಿಳಿದ ತಿಪ್ಪೇಶನ ತಾಯಿ ಉಚ್ಚೆಂಗಮ್ಮ ಅಲ್ಲಿ ಇಲ್ಲಿ ವಿಚಾರಿಸಿ ಬಂದು ಹೇಳಿದಳು: “ಆ ಹುಡುಗಿ ಮನಿಯವರನ್ನ ಗಂಟಿನ ಮನೆಯವರು ಅಂತಾರಲೇ!”

ಮರುದಿನ ಬಸ್ಸಿನಲ್ಲಿ ತಿಪ್ಪೇಶ್ ಕಣ್ಣು ಮಿಟುಕಿಸಿದ. “ನಿಮ್ಮ ಮನ್ಯಾಗ ಗಂಟು ಐತಂತಲ್ರಿ? ನನಗೂ ಒಂದು ಪಾಲು ಬಿಡ್ರಿ.”

ಸುಮಂಗಲಾಳ ಮುಖದ ಕಳೆ ಇಳಿಯಿತು. ಎದ್ದು ಹೋಗಿ ಕೊನೆಯ ಸೀಟಿನಲ್ಲಿ ಕುಳಿತಳು. ಅಂದಿನಿಂದ ಅವಳ ಜಾಗ ಅದೇ. ಕನ್ನಡಿ ಎಷ್ಟು ತಿರುಗಿಸಿದರೂ ಅವಳು ಸಿಗಲಿಲ್ಲ.

ತಿಂಗಳು ಕಳೆದ ಮೇಲೆ, ಯಶವಂತನಗರದಲ್ಲಿ ಬಸ್ಸು ಖಾಲಿಯಾದಾಗ, ಅವನು ಬಾಗಿಲಿಗೆ ಅಡ್ಡ ನಿಂತ.

“ಏನ್ ತಪ್ಪಾತ್ರಿ? ಬೈಯೋದಿದ್ರ ಬೈರಿ. ಹಿಂದ ಮಾತ್ರ ಕುಂದರಬ್ಯಾಡ್ರಿ.”

“ನಮ್ಮಪ್ಪ ಸತ್ತಿದ್ದು ಕೊರಳಾಗಿನ ಕ್ಯಾನ್ಸರ್ ಗಂಟಿಂದ. ಅಜ್ಜನೂ ಹಂಗ. ಈಗ ಸೋದರತ್ತಿ ಮಲಗ್ಯಾಳ. ನೀವು ಅದರಾಗ ಪಾಲು ಕೇಳ್ತೀರಿ.”

ಅವನು ಮೆಟ್ಟಿಲ ಮೇಲೆ ಕುಳಿತ. “ನಾ ನಿಧಿ ಅಂದ್ಕೊಂಡಿದ್ನಿ.”

“ಊರೂ ಹಂಗ ಅಂತೈತಿ. ಹಿರಿಯಾವ ನಿಧಿ ಗಂಟು ಎತ್ತಿದ, ಅದಕ್ಕ ವಂಶದ ಕೊರಳಿಗೆ ಗಂಟು ಬಿತ್ತು ಅಂತ. ನಿಧಿನೂ ಇಲ್ಲ, ಶಾಪನೂ ಇಲ್ಲ. ರೆಟ್ ಅನ್ನೋ ಜೀನ್‌ದಾಗ ಒಂದು ಅಕ್ಷರ ತಪ್ಪೇತಿ, ಅಷ್ಟ. ಅತ್ತಿ ರಕ್ತದಾಗ ಸಿಕ್ತು. ಹೆತ್ತವರಾಗ ಒಬ್ಬರಿಗೆ ಇದ್ದರ ಪ್ರತಿ ಮಗೂಗೂ ಅರ್ಧಕ್ಕರ್ಧ ಚಾನ್ಸ್.”

“ನಿಮ್ಮ ರಕ್ತದಾಗ?”

“ನೋಡಿಸಿಲ್ಲ. ದಿನಾ ಮಂದಿ ಕೈಗೆ ಸೂಜಿ ಚುಚ್ತೀನಿ. ನನ್ನ ಕೈ ಚಾಚಾಕ ಧೈರ್ಯ ಬರವಲ್ದು.”

ಬೇರೆ ಪಾಠಗಳಲ್ಲಿ ತಿಪ್ಪೇಶ್ ಅಲ್ಲಿಯೇ ಕೈಬಿಡೆನೆಂದು ಆಣೆ ಮಾಡುತ್ತಾನೆ. ನೀಲಗಂಗಮ್ಮನವರ ಪ್ರಕಾರ ಅವನು ಕೇಳಿದ್ದು ಇಷ್ಟೇ: “ರಕ್ತ ನೋಡಿಸಾಕ ಬಳ್ಳಾರಿಗೆ ಯಾವತ್ತು ಹೋಗೂನ್ರಿ? ಐತಾರ ನನಗ ರಜಾ.”

“ಐತಾರ ಲ್ಯಾಬಿಗೂ ರಜಾ.”

“ಹಂಗಾರ ಸೋಮವಾರ ನನಗ ಜ್ವರ ಬರ್ತೈತಿ ಬಿಡ್ರಿ.”

ಈ ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

ವರದಿ ಬಂತು. ಅವಳಲ್ಲೂ ಅದೇ ತಪ್ಪು ಅಕ್ಷರ. ಸ್ಕ್ಯಾನ್ ಮಾಡಿದಾಗ ಕೊರಳೊಳಗೆ ಗಂಟು ಹುಟ್ಟಿದ್ದು ಕಂಡಿತು, ಆದರೆ ಹರಡಿರಲಿಲ್ಲ. ಡಾಕ್ಟರು ಥೈರಾಯ್ಡ್ ಗ್ರಂಥಿಯನ್ನೇ ತೆಗೆದರು. ಬದುಕಿರುವವರೆಗೆ ಬೆಳಗೆದ್ದು ಒಂದು ಮಾತ್ರೆ ತಪ್ಪಿಸುವಂತಿಲ್ಲ ಎಂದರು.

ಎಳನೀರು ಹಿಡಿದು ತಿಪ್ಪೇಶ್ ಮಲಪನಗುಡಿಗೆ ಬಂದಾಗ ಅವಳು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ದನಿ ಒಡೆದಿತ್ತು.

“ನಿಮ್ಮವ್ವಗ ಹೇಳಿದ್ರೇನು?”

“ಹೇಳೇನ್ರಿ. ಎರಡು ದಿನ ಮಾತಾಡಲಿಲ್ಲ. ನಿನ್ನೆ, ‘ಆಕಿಗೆ ಖಾರ ನಡೀತೈತೇನು’ ಅಂತ ಕೇಳಿದ್ಳು.”

ಸುಮಂಗಲಾ ಅವನ ಮುಖ ನೋಡಿದಳು. ಆಸೆ ಕಣ್ಣಿಗೆ ಬಂದು ಮತ್ತೆ ಹಿಂದೆ ಸರಿಯಿತು. “ನಾಳೆ ನಮಗ ಮಗು ಆದರ ಅದಕ್ಕೂ ಬರಬಹುದು. ಆಗ ಏನ್ಮಾಡ್ತೀರಿ?”

ಅವನು ಕೈಯಲ್ಲಿದ್ದ ಎಳನೀರನ್ನು ಕೆಳಗಿಟ್ಟ.

“ಗೊತ್ತಿಲ್ಲ, ಸುಮಂಗಲಾ,” ಎಂದ. ಮೇಡಂ ಎನ್ನದೆ ಕರೆದದ್ದು ಅದೇ ಮೊದಲು. “ನನಗೂ ಹೆದರಿಕಿ ಐತಿ. ಆದರ ನೀ ಒಬ್ಬಾಕಿನ ಹೆದರಿಕೊಂಡು ಕುಂತಿರೋದು ನೋಡಾಕ ಆಗವಲ್ದು. ಇಬ್ಬರೂ ಕೂಡಿ ಹೆದರೂಣು.”

ಅವಳು ನಕ್ಕಳು, ಹೊಲಿಗೆ ಎಳೆಯಿತು, ಕಣ್ಣಲ್ಲಿ ನೀರು ತುಂಬಿತು. ಅದು ನೋವಿನದೋ ನಗುವಿನದೋ ಹೇಳುವುದು ಕಷ್ಟ.

“ಎಷ್ಟೊತ್ತು ಅಂತ ನಿಂದಿರ್ತೀರಿ?” ಎಂದು ಮಂಚದ ಮೇಲೆ ಸರಿದು ಜಾಗ ಬಿಟ್ಟಳು. “ಕುಂದ್ರಿ.”

ನೀಲಗಂಗಮ್ಮ ಅಲ್ಲಿಗೆ ನಿಲ್ಲಿಸಿದರು.

“ಮದುವಿ?” ಎಂದಳು ಬದುವಿನ ಮೇಲೆ ಪಕ್ಕದಲ್ಲಿದ್ದ ರೇಣುಕಾದೇವಿ.

“ವೈಶಾಖದಾಗ ಆತಲ್ಲ! ಹೋಳಿಗಿ ಉಂಡು ಬಂದಾಕಿ ನೀನ ಕೇಳ್ತೀಯಲ್ಲೇ!”

ಎಲ್ಲರೂ ನಕ್ಕರು. ಮಕ್ಕಳ ವಿಚಾರ ಯಾರೂ ಕೇಳಲಿಲ್ಲ. ಹೊತ್ತು ಇಳಿದಿತ್ತು. ಸೊಂಟಕ್ಕೆ ಕೈಕೊಟ್ಟು ಒಬ್ಬೊಬ್ಬರಾಗಿ ಎದ್ದರು. ಸೀರೆಯ ಮಣ್ಣು ಕೊಡವಿ, ಕುಡುಗೋಲು ಎತ್ತಿಕೊಂಡು, ಬಾಳೆಯ ಸಾಲುಗಳ ನಡುವೆ ಮನೆಗೆ ನಡೆದರು.