ಹೈಮಾ ರಸ್ತೆಯಲ್ಲಿ ಕೆಟ್ಟ ಏಸಿ

ಇದು ನನ್ನದೇ ಟ್ಯಾಕ್ಸಿಯಲ್ಲಿ, ಒಮಾನಿನ ಹೈಮಾ ರಸ್ತೆಯಲ್ಲಿ, ಸುಡುವ ಮಧ್ಯಾಹ್ನ ನಡೆದದ್ದು. ಹಿಂದಿನ ಸೀಟಿನಲ್ಲಿ ಜೊಖಾ ಅಜ್ಜಿ ಇದ್ದಳು. ಅವಳ ಮಡಿಲಲ್ಲಿ ಜ್ವರ ಬಂದ ಹಸುಗೂಸು ಮೊಮ್ಮಗಳು. ಬೆಳಗಿನಿಂದ ಕೂಸು ಒಮ್ಮೆಯೂ ಅತ್ತಿರಲಿಲ್ಲ. ಆಸ್ಪತ್ರೆ ಇನ್ನೂ ದೂರವಿರುವಾಗಲೇ ಏಸಿ ಬಿಸಿಗಾಳಿ ಉಗುಳತೊಡಗಿತು.

"ಖಲ್ಫಾನ್, ಇದು ಗಾಡಿನೋ ರೊಟ್ಟಿ ಒಲೆನೋ?" ಎಂದಳು ಅಜ್ಜಿ.

ದಾರಿಬದಿಯ ಧರ್ಮದ ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದೆ. ಫ್ಯೂಸು, ಬೆಲ್ಟು ಸರಿ ಇದ್ದವು. ತಣ್ಣಗಿರಬೇಕಾದ ಪೈಪೂ ಕೈ ಸುಟ್ಟಿತು, ಗ್ಯಾಸೆಲ್ಲ ಸೋರಿಹೋಗಿತ್ತು. ಆದರೂ ಸುಮ್ಮನಿರಲಾರದೆ ಮುಂದಿನ ಏಸಿ ಜಾಲರಿಗೆ ಒಂದು ಕ್ಯಾನು ನೀರು ಸುರಿದೆ.

"ಸತ್ತವರ ಹೆಸರಲ್ಲಿ ಇಟ್ಟ ನೀರು ಕಣೋ ಅದು! ಕುಡಿದೋರು ಅವರಿಗೆ ಒಳ್ಳೇದು ಬೇಡ್ಕೋಬೇಕು."

"ಕುಡಿದದ್ದು ಗಾಡಿ ಅಲ್ವೇನಮ್ಮಾ?"

"ಹಾಗಾದ್ರೆ ಗಾಡಿ ಪರವಾಗಿ ನೀನೇ ಬೇಡ್ಕೋ."

ಬೇಡಿಕೊಂಡೆ. ಮತ್ತೆ ಹೊರಟಾಗ ಮುಂದಿನ ಗಾಳಿಕಿಂಡಿಗಳಲ್ಲಿ ಅದೇ ಬೆಂಕಿ. ಹಿಂದಿನ ಕಿಂಡಿಯಲ್ಲಿ ಮಾತ್ರ ಬಾವಿಯೊಳಗಿನ ತಂಪು. ಅದೂ ಒಂದೇ ಸಮ ಬರುತ್ತಿರಲಿಲ್ಲ. ಬಿಸಿ ಗಂಜಿ ಆರಿಸುವವರಂತೆ ಊದಿ, ನಿಂತು, ಮತ್ತೆ ಊದುತ್ತಿತ್ತು. ಅಜ್ಜಿ ಕೂಸನ್ನು ಅದಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

ಆಸ್ಪತ್ರೆಯವರು ಕೂಸನ್ನು ಒಳಗೆ ಒಯ್ದರು, ಅಜ್ಜಿ ಹಿಂದೆಯೇ ಓಡಿದಳು. ನಾನು ಇಂಜಿನ್ ಆರಿಸಿ ಕೀಲಿ ತೆಗೆದೆ. ಹಿಂದಿನ ಕಿಂಡಿ ಖಾಲಿ ಸೀಟಿನ ಮೇಲೆ ಊದುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಸು ಕಿರುಚಿ ಅಳುವುದು ಕೇಳಿಸಿತು.

ಆಗ ಕಿಂಡಿಯ ಗಾಳಿ ನಿಂತಿತು.